ಅಣ್ಣ ಅತ್ತ ದಿನ

ಜೂನ್ 3, ಸೋಮವಾರ

ಅಕ್ಕನ ಹೊಸ ಹಲ್ಲುಸೆಟ್ಟು ಬಂದು ಇವತ್ತಿಗೆ ಒಂದು ತಿಂಗಳು. ಅಂದಿನಿಂದ ಈ ಮನೆಯಲ್ಲಿ ಒಂದು ಮಾತೂ ನೆಟ್ಟಗೆ ಕಿವಿಗೆ ಬಿದ್ದಿಲ್ಲ. ಅರ್ಧ ಮಾತು ಹಲ್ಲಿನ ಸಂದಿಯಲ್ಲೇ ಉಳಿದು ಮಿಕ್ಕರ್ಧ ಹೊರಗೆ ಬರುತ್ತದೆ. ಡಾಕ್ಟರಿಗೆ ತೋರಿಸಿ ಸರಿಮಾಡಿಸಿಕೋ ಎಂದರೆ ನನ್ನನ್ನೇ ಗುರಾಯಿಸುತ್ತಾಳೆ. ಕೆಟಲಿನ ಶಿಳ್ಳೆಯೂ ಕೆಟ್ಟಿದೆ. ನೀರು ಕುದ್ದು ಕುದ್ದು ಅರ್ಧವಾದರೂ ಅದು ಬಾಯಿ ಬಿಡುವುದಿಲ್ಲ. ಈಗಿನ ಸಾಮಾನುಗಳ ಹಣೆಬರಹವೇ ಇಷ್ಟು.

ಪ್ರಿನ್ಸಿಪಾಲರು ಕರೆಸಿದ್ದರು. ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧಕಿ ಬಂದಿದ್ದಾಳೆ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಹೆಗಲಿಗೆ ಎರಡು ಚೀಲ. ನಮ್ಮ ಕಾಲೇಜಿನ ಎಂಟು ಮಕ್ಕಳಿಗೆ ಒಂದೊಂದು ಪುಟ್ಟ ಕ್ಯಾಮರಾ ಕೊಡುತ್ತಾಳಂತೆ. 'ಸಂಗೀತ ನಿನಗೆ ಏನು ಮಾಡುತ್ತದೆ?' ಅನ್ನುವುದು ಪ್ರಶ್ನೆ. ಉತ್ತರವನ್ನು ಅವರು ಫೋಟೋದಲ್ಲಿ ತರಬೇಕು. ಶನಿವಾರ ಶನಿವಾರ ಸುತ್ತ ಕೂತು ಅದರ ಬಗ್ಗೆ ಮಾತಾಡಬೇಕು. ಕೊನೆಗೆ ಪ್ರದರ್ಶನ. ಅದಕ್ಕೆ ನನ್ನ ಸಂಗೀತದ ಕೊಠಡಿ ಬೇಕು, ಜೊತೆಗೆ ನಾನೂ ಬೇಕು.

ಇಪ್ಪತ್ತಮೂರು ವರ್ಷದಿಂದ ಇಲ್ಲಿ ಹಾಡು ಕಲಿಸುತ್ತಿದ್ದೇನೆ. ಸಂಗೀತ ಏನು ಮಾಡುತ್ತದೆ ಅಂತ ನನ್ನನ್ನು ಕೇಳಿದ್ದರೆ ಐದೇ ನಿಮಿಷದಲ್ಲಿ ಹೇಳಿ ಕಳಿಸುತ್ತಿದ್ದೆ. ಆಗುವುದಿಲ್ಲ ಅನ್ನಲು ಬಾಯಿ ತೆರೆದವಳು ಪಟ್ಟಿಯಲ್ಲಿ ಗುಬ್ಬಿಯನ್ನು ಕಂಡು ಸುಮ್ಮನಾದೆ.

ಗುಬ್ಬಿ ಅನ್ನುವುದು ನಾನಿಟ್ಟ ಹೆಸರು. ಹದಿನೇಳು ವರ್ಷ, ಹಿಡಿಯಷ್ಟು ಮೈ, ಕೊಠಡಿ ತುಂಬುವ ಕಂಠ. ಗುಂಪುಗಾಯನದಲ್ಲಿ ಮಿಕ್ಕವರೆಲ್ಲ ಅವಳ ದನಿ ಹಿಡಿದುಕೊಂಡೇ ನಡೆಯುತ್ತಿದ್ದರು. ಮಾರ್ಚಿನಲ್ಲಿ 'ಮನೆಯಲ್ಲಿ ತೊಂದರೆ' ಅಂತ ಹದಿನೈದು ದಿನ ರಜೆ ಹಾಕಿದಳು. ಬಂದ ಮೇಲೆ ಸಾಲಿನಲ್ಲಿ ನಿಲ್ಲುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ಏನಮ್ಮಾ ಅಂದರೆ 'ಏನಿಲ್ಲ ಟೀಚರ್'. ಇಂಥ ಕಂಠ ನನ್ನ ಕೈಗೆ ಇನ್ನೊಂದು ಸಿಗುವುದಿಲ್ಲ. ಅವಳು ಹಾಡುವುದನ್ನು ಯಾಕೆ ಬಿಟ್ಟಳು ಅಂತ ನನಗೆ ಗೊತ್ತಾಗಲೇಬೇಕು. ಅದೊಂದಕ್ಕೇ ಒಪ್ಪಿಕೊಂಡೆ.

ಜೂನ್ 8, ಶನಿವಾರ

ಮೊದಲ ಸಭೆ. ಸಂಶೋಧಕಿಯನ್ನು ಮಕ್ಕಳು ಒಂದೇ ಗಂಟೆಯಲ್ಲಿ 'ಕ್ಯಾಮರಾ ಅಕ್ಕ' ಮಾಡಿಕೊಂಡರು. ನಾನು ಇಪ್ಪತ್ತಮೂರು ವರ್ಷ ಗಂಟಲು ಹರಿದುಕೊಂಡರೂ ಬರೀ ಟೀಚರ್.

ಅವಳ ನಿಯಮಗಳು ಹೀಗೆ. ಕೇಳದೆ ಯಾರ ಮುಖವನ್ನೂ ತೆಗೆಯಬಾರದು. ವಾರಕ್ಕೆ ಮೂರಕ್ಕಿಂತ ಹೆಚ್ಚು ಚಿತ್ರ ತರಬಾರದು. ಒಬ್ಬರು ತಮ್ಮ ಚಿತ್ರದ ಬಗ್ಗೆ ಹೇಳುವಾಗ ಬೇರೆಯವರು, ಅದರಲ್ಲೂ ದೊಡ್ಡವರು, ನಡುವೆ ಬಾಯಿ ಹಾಕಬಾರದು. ಇದನ್ನು ಹೇಳುವಾಗ ನನ್ನ ಕಡೆ ನೋಡಿದಳು. ರೆಕಾರ್ಡರ್ ಇಟ್ಟರೆ ಮಕ್ಕಳು ಮುದುಡುತ್ತಾರಂತೆ, ಅದಕ್ಕೆ ಅವರ ಮಾತನ್ನು ಒಬ್ಬರು ಕೈಯಲ್ಲಿ ಬರೆದುಕೊಳ್ಳಬೇಕು. ತಿದ್ದುವ ಹಾಗಿಲ್ಲ, ಚಂದ ಮಾಡುವ ಹಾಗಿಲ್ಲ, ಬಾಯಿಂದ ಬಂದದ್ದು ಬಂದ ಹಾಗೆ. ಅದೇ ಚಿತ್ರದ ಕೆಳಗೆ ಅಚ್ಚಾಗುತ್ತದೆ.

"ಬರ್ಕೊಳ್ಳೋಕೆ ನಿಮಗಿಂತ ಯಾರು ಬೇಕು ಟೀಚರ್? ಸಂಗೀತದ ಕಿವಿ ನಿಮ್ಮದು" ಅಂದಳು.

ಅದು ನಿಜವೇ. ಮೂವತ್ತು ಜನ ಹಾಡುವಾಗ ಒಬ್ಬಳ ಶ್ರುತಿ ಎಳೆಯಷ್ಟು ಇಳಿದರೂ ಬೆರಳು ಮಾಡಿ ತೋರಿಸಬಲ್ಲೆ. ಹೊಸ ನೋಟುಬುಕ್ಕು ತೆಗೆದು ಮೊದಲ ಪುಟದಲ್ಲಿ ದಿನಾಂಕ ಬರೆದೆ.

ಜೂನ್ 15, ಶನಿವಾರ

ಇಪ್ಪತ್ತೆರಡು ಚಿತ್ರ ಬಂದವು. ಒಂದರಲ್ಲಾದರೂ ಪಿಯಾನೋ ಇದೆಯಾ? ಇಲ್ಲ. ವೇದಿಕೆ, ಗುಂಪುಗಾಯನ, ನಾನು? ಯಾವುದೂ ಇಲ್ಲ. ಬರೀ ಬಾಗಿಲು, ಗೋಡೆ, ಬೆಂಚು. ನನ್ನ ಇಪ್ಪತ್ತಮೂರು ವರ್ಷಕ್ಕೆ ಒಂದು ಫೋಟೋದ ಯೋಗ್ಯತೆಯೂ ಇಲ್ಲವೇ ಅನ್ನಿಸಿ ಹೊಟ್ಟೆ ಉರಿಯಿತು.

ಕಂಡ ಕಂಡಲ್ಲಿ ತಾಳ ಬಡಿಯುವ ಹುಡುಗ, ಎಲ್ಲರೂ ಡಬ್ಬಿ ಅನ್ನುತ್ತಾರೆ, ತನ್ನ ಬೆಂಚಿನ ಮೇಲಿನ ಗುಳಿಗಳನ್ನು ತೆಗೆದು ತಂದಿದ್ದ. "ಕೈ ಸುಮ್ನೆ ಇದ್ರೆ ನಂಗೆ ಭಯ ಆಗತ್ತೆ" ಅಂದ. ದಪ್ಪ ಕನ್ನಡಕದ ಹುಡುಗಿ ತನ್ನ ಕೋಣೆಯ ಮುಚ್ಚಿದ ಬಾಗಿಲು ತೆಗೆದಿದ್ದಳು. ಹಿಡಿಕೆಗೆ ಒಂದು ಹೆಡ್‌ಫೋನು ನೇತಾಡುತ್ತಿದೆ. "ಅಪ್ಪ ಅಮ್ಮ ಜಗಳ ಆಡೋದು ಬಾಗಿಲು ಮುಚ್ಚಿದ್ರೂ ಬರತ್ತೆ. ಇದು ಹಾಕ್ಕೊಂಡ್ರೆ ಬರಲ್ಲ" ಅಂದಳು. ಹಾಡನ್ನು ಕೇಳಿಸಿಕೊಳ್ಳಲಿ ಅಂತ ನಾನು ಕಲಿಸಿದರೆ ಈ ಮಕ್ಕಳು ಬೇರೇನೂ ಕೇಳಿಸದಿರಲಿ ಅಂತ ಹಾಡು ಹಾಕಿಕೊಳ್ಳುತ್ತಾರೆ. ಬರೆದುಕೊಳ್ಳುವಾಗ ಸ್ವಲ್ಪ ಬೇಜಾರಾಯಿತು.

ಪ್ರತಿಯೊಬ್ಬರಿಗೂ ಮೂರು ಮೂರು ಸಲ 'ಏನು? ಏನು?' ಅನ್ನಬೇಕಾಯಿತು. ಈಗಿನವರು ಮಾತನ್ನು ನುಂಗುತ್ತಾರೆ. ಮೇಲೆ ಆ ದರಿದ್ರ ಫ್ಯಾನು. "ಬಾಯಿ ತೆರೆದು ಮಾತಾಡಿ" ಅಂತ ಗದರಿಸಿದೆ.

ಗುಬ್ಬಿ ತಂದದ್ದು ಒಂದೇ ಚಿತ್ರ. ಮೇಜಿನ ಮೇಲೆ ಒಂದು ಇಯರ್‌ಫೋನು, ಅದರ ಒಂದು ಕಿವಿಯ ರಬ್ಬರು ಕಿತ್ತುಹೋಗಿದೆ. "ಇದು ನಮ್ಮಣ್ಣಂದು" ಅಂದಳು. ಅಷ್ಟೇ. ಅಣ್ಣ ಬೇರೆ ಊರಲ್ಲಿ ಕೆಲಸಕ್ಕಿದ್ದಾನೆ ಅಂತ ಹೋದ ವರ್ಷ ಹೇಳಿದ್ದಳು. ಕೆಟ್ಟುಹೋದದ್ದನ್ನು ತಂಗಿಗೆ ದಾಟಿಸಿದ್ದಾನೆ, ಅಣ್ಣಂದಿರ ಬುದ್ಧಿ.

ಜೂನ್ 18, ಮಂಗಳವಾರ

ಬೆಳಿಗ್ಗೆ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು "ಅತ್ತಿಗೆ ಎಲ್ಲಿ?" ಅಂದಳು.

"ಅತ್ತಿಗೆ ಅವಳ ಮನೇಲಿರ್ತಾಳೆ, ಇನ್ನೆಲ್ಲಿ" ಅಂದೆ.

ಅಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಅವಳು ಕೇಳಿದ್ದು ಕತ್ತರಿಯನ್ನಂತೆ. "ನಿನ್ನ ಕಿವಿಗೆ ಏನೋ ಆಗಿದೆ ಕಣೇ, ತೋರಿಸ್ಕೋ" ಅಂದಳು. "ಮೊದಲು ನೀನು ಹಲ್ಲು ತೋರಿಸ್ಕೋ" ಅಂದೆ. ಸಂಜೆಯವರೆಗೆ ಇಬ್ಬರೂ ಮಾತಾಡಲಿಲ್ಲ. ಮನೆ ಸಮಾಧಾನವಾಗಿತ್ತು.

ಜೂನ್ 22, ಶನಿವಾರ

ಇವತ್ತು ಎಷ್ಟು ಬರೆದರೂ ಸಾಲದು. ಗುಬ್ಬಿ ಬಾಯಿ ಬಿಟ್ಟಳು!

ಕ್ಯಾಮರಾ ಅಕ್ಕನಿಗೆ ಜ್ವರ, ಸಭೆಯನ್ನು ನಾನೇ ನಡೆಸಿದೆ. ಎಲ್ಲರದೂ ಮುಗಿದ ಮೇಲೆ ಗುಬ್ಬಿ ತನ್ನ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದಳು. ಬಸ್ಸಿನ ಒಳಗಿನ ಮೇಲ್ಭಾಗ, ಅಲ್ಲೊಂದು ಗುಂಡು ಸ್ಪೀಕರು, ಅದರ ತೂತುಗಳಲ್ಲೆಲ್ಲ ಧೂಳು. ಸೀಟಿನಲ್ಲಿ ಕೂತೇ ತಲೆಯೆತ್ತಿ ತೆಗೆದಿದ್ದಾಳೆ, ಚಿತ್ರ ಒಂದು ಕಡೆಗೆ ವಾಲಿದೆ. ನೆಲ ನೋಡಿಕೊಂಡು ಹೇಳಿದಳು. ನಾನು ಬಗ್ಗಿ, ಕಿವಿಗೊಟ್ಟು, ಒಂದೊಂದಕ್ಷರವನ್ನೂ ಬರೆದುಕೊಂಡೆ:

'ಅಣ್ಣ ಅತ್ತ ದಿನ ಬಸ್ಸಲ್ಲಿ ಒಂದು ಹಾಡು ಬರ್ತಿತ್ತು. ನಾನೂ ಜೊತೆಗೆ ಹಾಡ್ತಾ ಇದ್ದೆ. ನಂಗೆ ಗೊತ್ತಿರ್ಲಿಲ್ಲ.'

ಪಾಪ, ಇಷ್ಟಕ್ಕೇ ಹಾಡು ಬಿಡುವುದೇ? ಎಲ್ಲೋ ಅಣ್ಣ ಅಳುತ್ತಿದ್ದಾಗ ತಾನು ಹಾಡುತ್ತಿದ್ದೆ ಅಂತ ಕೊರಗು. ಈ ವಯಸ್ಸೇ ಹಾಗೆ, ಕಡ್ಡಿ ಗುಡ್ಡವಾಗುತ್ತದೆ. ನಿಯಮವೆಲ್ಲ ಮರೆತು ಎದ್ದುಹೋಗಿ ಅವಳ ಬೆನ್ನು ತಟ್ಟಿದೆ. "ಅಷ್ಟಕ್ಕೆಲ್ಲ ಯಾಕೆ ಬೇಜಾರು ಮಾಡ್ಕೋತೀಯಾ ಮಗಳೇ? ಒಳ್ಳೇದೇ ಆಯ್ತು ಅಂದ್ಕೋ. ಮನಸ್ಸು ಹಗುರ ಆಗತ್ತೆ. ಇನ್ನೂ ಒಂದೆರಡು ಸಲ ಅಳು ಅಂತ ಹೇಳು ನಿನ್ನಣ್ಣನಿಗೆ" ಅಂದೆ. ನಗಿಸಲೆಂದೇ ಅಂದದ್ದು.

ಸೂಜಿ ಬಿದ್ದರೂ ಕೇಳಿಸುವಂಥ ಮೌನ. ನನ್ನ ಮಾತು ಇಷ್ಟು ಜನಕ್ಕೆ ಹೀಗೆ ನಾಟಿ ಎಷ್ಟು ದಿನವಾಗಿತ್ತೋ. ಗುಬ್ಬಿ ಚಿತ್ರವನ್ನು ಚೀಲದೊಳಗೆ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಹೊರಟಳು. ಸೋಮವಾರ ಹಾಡೇ ಹಾಡುತ್ತಾಳೆ, ನೋಡುತ್ತಿರು.

ಜೂನ್ 24, ಸೋಮವಾರ

ಗುಬ್ಬಿ ಬರಲಿಲ್ಲ. ಮಿಕ್ಕವರು ಹಾಡಿದರು, ನನ್ನ ಮುಖ ಮಾತ್ರ ಯಾರೂ ನೋಡಲಿಲ್ಲ. ಡಬ್ಬಿಯ ಕೈ ಸುಮ್ಮನಿತ್ತು.

ಜೂನ್ 29, ಶನಿವಾರ

ಬಂದವರು ನಾಲ್ಕೇ ಜನ. ಗುಬ್ಬಿ ಇವತ್ತೂ ಇಲ್ಲ. ಒಂದು ವಾರದಿಂದ ಕಾಲೇಜಿಗೇ ಬಂದಿಲ್ಲವಂತೆ. ಕನ್ನಡಕದ ಹುಡುಗಿ ಹತ್ತಿರ ಬಂದು, ನಾನು ಅಂದದ್ದು ಸರಿಯಲ್ಲ ಅಂತೇನೋ ಅಂದಳು. ಯಾವುದು ಅಂದೆ. "ಬಿಡಿ ಟೀಚರ್" ಅಂದು ಹೋದಳು. ಬೆನ್ನು ತಟ್ಟಿ 'ಮಗಳೇ' ಅಂದದ್ದು ತಪ್ಪಾಯಿತೇ? ಇವರನ್ನು ಬೈದರೂ ಕಷ್ಟ, ಮುದ್ದು ಮಾಡಿದರೂ ಕಷ್ಟ. ಮನಸ್ಸಿಗೆ ನಿಜಕ್ಕೂ ನೋವಾಗಿದೆ.

ಕ್ಯಾಮರಾ ಅಕ್ಕ ಜ್ವರ ಬಿಟ್ಟು ಬಂದಿದ್ದಳು. ನನ್ನ ನೋಟುಬುಕ್ಕು ಓದುತ್ತಾ ಒಂದು ಕಡೆ ಬೆರಳಿಟ್ಟು ನಿಂತಳು. "ಅಬ್ಬಾ ಟೀಚರ್, ಇದು ನೋಡಿ. ಅಣ್ಣ ಅತ್ತ ದಿನ. ಇಡೀ ಪ್ರದರ್ಶನಕ್ಕೇ ಇದೇ ಹೆಸರಿಡೋಣ." ಅವಳ ಕಣ್ಣು ತುಂಬಿತ್ತು. ಆ ಸಾಲನ್ನು ಹಿಡಿದು ಬರೆದವಳು ನಾನು ಅನ್ನುವ ಹೆಮ್ಮೆ ನನಗೆ. ಮಕ್ಕಳ ಮುನಿಸು ಅಷ್ಟರಮಟ್ಟಿಗೆ ಮರೆತುಹೋಯಿತು.

ಜುಲೈ 3, ಬುಧವಾರ

ಗುಂಪುಗಾಯನದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡು ನಗು ತಡೆಯುತ್ತಿದ್ದರು. ಆದರೂ ಶ್ರುತಿ ಅಂದರೆ ಶ್ರುತಿ, ಎಲ್ಲೂ ಅಲುಗಲಿಲ್ಲ. "ಭೇಷ್! ಇನ್ನೊಮ್ಮೆ" ಅಂದೆ. ಇನ್ನೊಮ್ಮೆ ಹಾಡಿದರು. ಈ ಸಲ ಯಾರೂ ನಗಲಿಲ್ಲ. ಕನ್ನಡಕದವಳು ನಡುವೆಯೇ ಹಾಡು ನಿಲ್ಲಿಸಿ ಕಣ್ಣೊರೆಸಿಕೊಂಡಳು. ಹಾಡಿನ ಅರ್ಥ ತಟ್ಟಿರಬೇಕು.

ಜುಲೈ 6, ಶನಿವಾರ

ಎಂಟೂ ಜನ ಬಂದರು, ಗುಬ್ಬಿಯೂ. ಏನಾಯಿತೋ ತಿಳಿಯದು, ಇವತ್ತು ಮಕ್ಕಳು ಬಂಗಾರ. ಮಾತಾಡುವ ಮುಂಚೆ ನನ್ನೆದುರಿಗೆ ಬಂದು ನಿಲ್ಲುತ್ತಾರೆ, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಾರೆ. ಡಬ್ಬಿ ತಾನಾಗಿ ಎದ್ದು ಫ್ಯಾನು ಆರಿಸಿದ. ನಾನು ಗದರಿಸಿದ್ದು ತಡವಾಗಿಯಾದರೂ ಫಲ ಕೊಟ್ಟಿತು.

ಚಿತ್ರಗಳ ಕೆಳಗಿನ ಮಾತು ಅಚ್ಚಿಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ಓದಿ ಸಹಿ ಹಾಕಬೇಕು. ಗುಬ್ಬಿ ತನ್ನದನ್ನು ಓದಿದಳು, ಮತ್ತೊಮ್ಮೆ ಓದಿದಳು. "ಹೀಗೇ ಹಾಕ್ತೀರಾ ಟೀಚರ್?" ಅಂದಳು.

"ನೀನು ಹೇಳಿದ ಹಾಗೇ ಬರ್ದಿದ್ದೀನಿ ತಾಯಿ. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ."

ಡಬ್ಬಿ ಏನೋ ಹೇಳಲು ಬಂದ. ಗುಬ್ಬಿ ಬೇಡವೆಂಬಂತೆ ಅವನ ತೋಳು ಹಿಡಿದಳು. ಪೆನ್ನು ಹಿಡಿದು ಬಹಳ ಹೊತ್ತು ನಿಂತು, ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೇ ಕೊಟ್ಟಳು. ಹಾಡುತ್ತೀಯಾ ಅಂತ ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವಳು ಹೊರಟುಬಿಟ್ಟಿದ್ದಳು.

ಜುಲೈ 9, ಮಂಗಳವಾರ

ಕೆಟಲು ಸುಟ್ಟುಹೋಯಿತು. ನಾನು ಒಲೆಯಿಂದ ಆರಡಿ ದೂರದಲ್ಲಿ ಕೂತು ಪೇಪರು ಓದುತ್ತಿದ್ದೆ. ಅಕ್ಕ ಪಕ್ಕದ ಮನೆಯಿಂದ ಓಡಿಬಂದು ಒಲೆ ಆರಿಸಿದಳು. ತಳ ಕೆಂಪಗಾಗಿತ್ತು. "ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಾ ಇದೆಯಲ್ಲೇ! ನಿನಗೆ ಕೇಳಲಿಲ್ವಾ?"

ಶಿಳ್ಳೆ ಕೆಟ್ಟಿದೆಯಲ್ಲ ಅಂದೆ. ಅಕ್ಕ ಹಲ್ಲುಸೆಟ್ಟು ತೆಗೆದು ಮೇಜಿನ ಮೇಲಿಟ್ಟಳು. "ಇದೂ ಕೆಟ್ಟಿದೆ, ಅದೂ ಕೆಟ್ಟಿದೆ, ಮಕ್ಕಳ ಬಾಯೂ ಕೆಟ್ಟಿದೆ. ನಿನ್ನದೊಂದೇ ಸರಿಯಾಗಿರೋದು, ಅಲ್ವಾ?" ಅಂದಳು. ಹಲ್ಲಿಲ್ಲದ ಬಾಯಲ್ಲಿ ಅಂದರೂ ಅವಳ ಮುಖ ನೋಡುತ್ತಿದ್ದೆನಾದ್ದರಿಂದ ಎಲ್ಲ ತಿಳಿಯಿತು. ಗುರುವಾರ ಆಸ್ಪತ್ರೆಗೆ ಹೋಗುವುದೆಂದು ಆಯಿತು. ಅವಳ ಬಾಯಿ ಮುಚ್ಚಿಸಲಿಕ್ಕೆ ಹೋಗುತ್ತಿದ್ದೇನೆ.

ಜುಲೈ 11, ಗುರುವಾರ

ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಒತ್ತಿದೆ. ಆಮೇಲೆ ಪರೀಕ್ಷೆ ಮಾಡುವಾಕೆ ಬಾಯಿಗೆ ಕಾಗದ ಅಡ್ಡ ಹಿಡಿದು ಒಂದೊಂದೇ ಪದ ಹೇಳಿದಳು, ನಾನು ಕೇಳಿದ್ದನ್ನು ಕೇಳಿದ ಹಾಗೆ ಬರೆದೆ. ಇಂಥದ್ದರಲ್ಲಿ ನನ್ನನ್ನು ಮೀರಿಸುವವರು ಯಾರು ಅಂದುಕೊಂಡೆ. ಮುಗಿದ ಮೇಲೆ ಎರಡು ಹಾಳೆಯನ್ನೂ ಅಕ್ಕಪಕ್ಕ ಇಟ್ಟಳು. ಅವಳ ಹಾಳೆಯಲ್ಲಿ ಸಕ್ಕರೆ, ನನ್ನದರಲ್ಲಿ ಅಕ್ಕರೆ. ಅವಳದರಲ್ಲಿ ಸಾಗರ, ನನ್ನದರಲ್ಲಿ ಆಗರ. ಸುಳಿವು ಅಂದದ್ದಕ್ಕೆ ಉಳಿವು.

"ನಿಮಗೆ ದಪ್ಪ ಸದ್ದೆಲ್ಲ ಚೆನ್ನಾಗಿ ಬರುತ್ತೆ ಮೇಡಂ, ಶ್ರುತಿಯೂ ಸಿಗುತ್ತೆ. ಅದಕ್ಕೇ ನಿಮಗೆ ಗೊತ್ತೇ ಆಗಿಲ್ಲ. ಹೋಗಿರೋದು ತೆಳ್ಳಗಿನ ಸದ್ದು. ಹಕ್ಕಿ ದನಿ, ಶಿಳ್ಳೆ, 'ಸ' ಅಕ್ಷರ. ಮೆಲ್ಲಗೆ ಮಾತಾಡೋರ ಬಾಯಲ್ಲಿ ಪದದ ಮೊದಲಿಗೇ ಸ ಬಂದ್ರೆ ನಿಮಗೆ ಬಿದ್ದೇ ಹೋಗುತ್ತೆ" ಅಂದಳು. ಒಂದೆರಡು ವರ್ಷದಿಂದಲೇ ಇರಬೇಕಂತೆ. ಕಿವಿಯ ಯಂತ್ರ ಬರಲು ಮೂರು ವಾರ.

ಸ. ಯಾವ ಮಗುವಿಗಾದರೂ ನಾನು ಮೊದಲು ಹಾಡಿಸಿದ ಅಕ್ಷರ ಅದು.

ವಾಪಸು ಬರುವಾಗ ಅಳು ಬರಬಾರದೆಂದು ತಮಾಷೆ ಶುರುಮಾಡಿದೆ. ಬೀದಿಯ ಬೋರ್ಡುಗಳನ್ನೆಲ್ಲ ಸ ಇಲ್ಲದೆ ಓದಿದೆ. ಸಲೂನು ಹೋಗಿ ಅಲೂನು, ಸೈಕಲ್ ಅಂಗಡಿ ಹೋಗಿ ಐಕಲ್ ಅಂಗಡಿ. ಅಕ್ಕ ಹಲ್ಲುಸೆಟ್ಟು ಕಳಚಿ ಬೀಳುವಷ್ಟು ನಕ್ಕಳು. ಕಾಲೇಜಿನ ಕಾಂಪೌಂಡಿನ ಹತ್ತಿರ ಬಂದಾಗ ಪ್ರದರ್ಶನದ ಪೋಸ್ಟರು ಅಂಟಿಸಿದ್ದರು. ಆಳೆತ್ತರದ ಬಸ್ಸಿನ ಸ್ಪೀಕರು, ಅದರ ಕೆಳಗೆ ಮೊಳದುದ್ದದ ಅಕ್ಷರ. ಅಣ್ಣ ಅತ್ತ ದಿನ. ಆಟ ಇನ್ನೂ ನಾಲಗೆಯ ಮೇಲೇ ಇತ್ತು. ಇದಕ್ಕೆ ಮಾತ್ರ ಬಿದ್ದುಹೋದ ಸ-ವನ್ನು 'ಅತ್ತ'ದ ಮುಂದೆ ಸೇರಿಸಿ ಓದಿದೆ.

ಅಕ್ಕ ಇನ್ನೂ ನಗುತ್ತಿದ್ದಳು.

ಇನ್ನೂ ಒಂದೆರಡು ಸಲ ಅಳು ಅಂತ ಹೇಳು ನಿನ್ನಣ್ಣನಿಗೆ. ನಾನು ಆಡಿದ ಮಾತು ಇದು. ಒಳ್ಳೇದೇ ಆಯ್ತು ಅಂದ್ಕೋ. ಇದೂ ನಾನೇ.

ಜುಲೈ 12, ಶುಕ್ರವಾರ

ಕಾಲೇಜಿಗೆ ಹೋಗಲಿಲ್ಲ. ಕ್ಯಾಮರಾ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಅತ್ತಳು. ಪೋಸ್ಟರೆಲ್ಲ ಹರಿದು ತೆಗೆಸಿಬಿಡು ಅಂದೆ. ಅವಳ ಮಾತು ಫೋನಿನಲ್ಲಿ ಸರಿಯಾಗಿ ಬರಲಿಲ್ಲ, ಬರೆದು ಕಳಿಸು ಅಂದೆ. 'ತೆಗೆಯೋದು ಬಿಡೋದು ನಾವು ಹೇಳೋದಲ್ಲ ಟೀಚರ್. ಅವಳ ಮಾತು, ಅವಳನ್ನೇ ಕೇಳಿ' ಅಂತ ಬರೆದಿದ್ದಳು.

ಜುಲೈ 13, ಶನಿವಾರ

ಎಲ್ಲರಿಗಿಂತ ಮುಂಚೆ ಬಾ ಅಂತ ಗುಬ್ಬಿಗೆ ಹೇಳಿ ಕಳಿಸಿದ್ದೆ. ಬಂದಳು. ಕಿಟಕಿಯ ಬೆಳಕು ಅವಳ ಮುಖದ ಮೇಲೆ ಬೀಳುವ ಹಾಗೆ ಕುರ್ಚಿ ಹಾಕಿ ಎದುರು ಕೂತೆ.

"ಆವತ್ತು ನೀನು ಹೇಳಿದ್ದು ನನಗೆ ಬೇರೆ ಕೇಳಿಸ್ತು" ಅಂದೆ.

"ಗೊತ್ತು ಟೀಚರ್. ಮೊದಲು ನೀವು ಬೇಕಂತಲೇ ಅಂದ್ರಿ ಅಂದ್ಕೊಂಡು ಕಾಲೇಜೇ ಬೇಡ ಅನ್ಸಿತ್ತು. ಆಮೇಲೆ ಡಬ್ಬಿಗೆ ಅನುಮಾನ ಬಂತು. ಹೋದ ವಾರ ಬುಧವಾರ ಹಾಡಲ್ಲಿ 'ಸುಗ್ಗಿ' ಅಂತ ಬರೋ ಕಡೆ ಎಲ್ಲ 'ಹುಗ್ಗಿ' ಅಂತ ಹಾಡಿದ್ರಂತೆ. ನೀವು ಭೇಷ್ ಅಂದ್ರಂತೆ. ಅವತ್ತೇ ಮನೆಗೆ ಬಂದು, ಟೀಚರ್‌ಗೆ ಕೇಳ್ಸಲ್ಲ ಕಣೇ, ಪಾಪ ಅಂದ."

ನನ್ನ ಹದಿನೇಳು ವರ್ಷದ ಮಕ್ಕಳು ನನಗೆ 'ಪಾಪ' ಅಂದು, ಫ್ಯಾನು ಆರಿಸಿ, ಎದುರಿಗೆ ಬಂದು ನಿಂತು ಮಾತಾಡಿದ್ದಾರೆ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಆದರೆ ತಲೆ ಎತ್ತದಿದ್ದರೆ ಅವಳ ತುಟಿ ಕಾಣುವುದಿಲ್ಲ, ಎತ್ತಲೇಬೇಕಾಯಿತು.

"ನಮ್ಮನೇಲಿ ಎಲ್ಲರೂ 'ಹೋದ' ಅಂತಾರೆ ಟೀಚರ್. ಎಲ್ಲಿಗೋ ಹೋಗಿದ್ದಾನೆ, ಬರ್ತಾನೆ ಅನ್ನೋ ಹಾಗೆ. ಅಮ್ಮ ಅದನ್ನೂ ಅನ್ನಲ್ಲ. ಅಕ್ಕಪಕ್ಕದವರಿಗೆ ಆಕ್ಸಿಡೆಂಟು ಅಂದಿದ್ದಾಳೆ. ಅವನೇ ಪ್ರಾಣ ತಕ್ಕೊಂಡಿದ್ದು ಅಂತ ನಮಗಿಬ್ಬರಿಗೇ ಗೊತ್ತಿರೋದು. ನಿಮಗೆ ಕೇಳಿಸದೇ ಹೋಯ್ತಲ್ಲ, ಆ ಪದ ನಾನು ಬಾಯಿ ಬಿಟ್ಟು ಹೇಳಿದ್ದು ಆವತ್ತೇ ಮೊದಲು."

ಮೊದಲ ಸಲ ಹೇಳಿದ್ದನ್ನು ನಾನು ಬೀಳಿಸಿದೆ. ಬೇರೆ ಏನು ಬರೆದರೂ ಇದಕ್ಕಿಂತ ಹೆಚ್ಚಿನದ್ದಲ್ಲ.

"ಇನ್ನೊಂದ್ಸಲ ಹೇಳ್ತೀಯಾ ಮಗಳೇ? ನನ್ನ ಮುಖ ನೋಡಿ ಹೇಳು. ಈ ಸಲ ಬಾಯಿ ಹಾಕಲ್ಲ."

ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಹಲ್ಲಿಗೆ ಹಲ್ಲು ಸೇರಿತು, ತುಟಿ ಸ್ವಲ್ಪ ಅಗಲವಾಯಿತು. "ಅಣ್ಣ ಸತ್ತ" ಅಂದಳು. ಸದ್ದು ನನಗೆ ಬರಲೇ ಇಲ್ಲ, ಪದ ಕಂಡಿತು. ಅವಳು ಅತ್ತಳು, ನಾನೂ ಅತ್ತೆ. ಏನೂ ಹೇಳಲಿಲ್ಲ.

ಪೋಸ್ಟರು ತೆಗೆಸುತ್ತೇನೆ ಅಂದೆ. ಬೇಡ ಅಂದಳು. "ಅಮ್ಮ ನೋಡೋಕೆ ಬರ್ತಾಳೆ. ಅಷ್ಟು ದೊಡ್ಡಕ್ಷರದಲ್ಲಿ ಸತ್ತ ಅಂತ ಇದ್ರೆ ಬಾಗಿಲಿಂದಲೇ ವಾಪಸ್ ಹೋಗ್ತಾಳೆ. ಅದಕ್ಕೇ ಸಹಿ ಹಾಕ್ದೆ. ನಾನು ಹೇಳಿದ್ದು ಈಗ ನಿಮಗೆ ಗೊತ್ತಲ್ಲ, ಸಾಕು."

ಹಾಡಿನ ವಿಷಯ ನಾನು ಎತ್ತಲಿಲ್ಲ. ಅವಳು ಹೋದ ಮೇಲೆ ನೆನಪಾಯಿತು.

ಜುಲೈ 20, ಶನಿವಾರ

ಪ್ರದರ್ಶನಕ್ಕೆ ಜನ ಚೆನ್ನಾಗಿ ಬಂದಿದ್ದರು. ಡಬ್ಬಿಯ ಬೆಂಚಿನ ಗುಳಿಗಳ ಮುಂದೆ ಅವನ ತಂದೆ ತನ್ನ ಬೆರಳನ್ನು ಗಾಳಿಯಲ್ಲಿ ಆಡಿಸುತ್ತಾ ನಿಂತಿದ್ದರು. ಕನ್ನಡಕದ ಹುಡುಗಿಯ ಅಪ್ಪ ಅಮ್ಮ ಆ ಮುಚ್ಚಿದ ಬಾಗಿಲಿನ ಚಿತ್ರದ ಎದುರು ಒಬ್ಬರನ್ನೊಬ್ಬರು ನೋಡದೆ ನಿಂತರು, ಆಮೇಲೆ ಆಕೆ ಅವರ ಅಂಗಿಯ ತೋಳು ಹಿಡಿದುಕೊಂಡಳು. ಇಷ್ಟು ಜನರ ನಡುವೆ ಮಾತು ನನಗೆ ಬರೀ ಗುಜುಗುಜು. ನೋಡುತ್ತಾ ನಿಂತಿದ್ದೆ.

ಗುಬ್ಬಿಯ ಅಮ್ಮ ಬಂದರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಬೆರಳ ತುದಿಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿವೆ. ಬಸ್ಸಿನ ಸ್ಪೀಕರಿನ ಮುಂದೆ ನಿಂತವರು ಅಲ್ಲಿಂದ ಕದಲಲೇ ಇಲ್ಲ. ಕೆಳಗಿನ ಮಾತಿನ ಮೇಲೆ ಬೆರಳಿಟ್ಟು ಓದಿದರು. ಮತ್ತೆ ಮೊದಲಿಂದ ಓದಿದರು. ಮಗಳ ಕಡೆ ತಿರುಗಿ ಏನೋ ಕೇಳಿದರು, ಗುಬ್ಬಿಯ ಮುಖ ಬಿಳಿಚಿಕೊಂಡಿತು. ಆಮೇಲೆ ಸೀದಾ ನನ್ನ ಹತ್ತಿರ ಬಂದರು.

"ಟೀಚರ್, ಬರ್ಕೊಂಡಿದ್ದು ನೀವಂತೆ. ನನ್ನ ಮಗ ಅತ್ತನಾ?"

ಯಾವ ಪದ ಅಂದರೆಂದು ತಿಳಿಯಲು ಅವರ ಬಾಯನ್ನೇ ನೋಡುತ್ತಿದ್ದೆ. ಹಲ್ಲು ಕೂಡಲಿಲ್ಲ, ಬಾಯಿ ತೆರೆದುಕೊಂಡೇ ಶುರುವಾಯಿತು. ಅತ್ತ.

"ಚಿಕ್ಕವನಿದ್ದಾಗಿಂದ ಅವನು ಅತ್ತಿದ್ದೇ ನಾನು ನೋಡಿಲ್ಲ. ಏನಾಯ್ತು ಅಂತ ಕೇಳಿದ್ರೆ ಕಿವಿಗೆ ಆ ಇಯರ್‌ಫೋನು ಹಾಕ್ಕೊಂಡು ಕೂರ್ತಿದ್ದ. ಎಲ್ಲ ಒಬ್ಬನೇ ನುಂಗ್ಕೊಂಡು ಹೋದ, ಯಾರ ಹತ್ರಾನೂ ಮನಸ್ಸು ಬಿಚ್ಚಲಿಲ್ಲ ಅಂತ ನಾಲ್ಕು ತಿಂಗಳಿಂದ ಬೇಯ್ತಾ ಇದ್ದೀನಿ. ಹೋಗೋ ಮುಂಚೆ ತಂಗಿ ಹತ್ರ ಆದ್ರೂ ಅತ್ತನಾ ಟೀಚರ್? ಇವಳು ಬಾಯಿ ಬಿಡ್ತಿಲ್ಲ. ನೀವು ಹೇಳಿ. ಇವಳು ಹೀಗೇ ಹೇಳಿದ್ಲಾ?"

ಗುಬ್ಬಿ ಅಮ್ಮನ ಬೆನ್ನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಹೂಂ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ.

"ನನಗೆ ಹಾಗೇ ಕೇಳಿಸಿತಮ್ಮ" ಅಂದೆ.

ಅವರು ನನ್ನ ಎರಡೂ ಕೈಗಳನ್ನು ಹಿಡಿದು ಅದರ ಮೇಲೆ ಹಣೆಯಿಟ್ಟು ಏನೋ ಹೇಳಿದರು. ತಲೆ ಬಗ್ಗಿಸಿದ್ದರಿಂದ ತುಟಿ ಕಾಣಲಿಲ್ಲ.